ಟೋಪಿ

ಹೌದು ವಕೀಲರೇ, ಹೆಣೆಯುತ್ತಿದ್ದೆ.
ಬರೆದುಕೊಳ್ಳಿ: ಹಳದಿ ಉಣ್ಣೆ, ಎಂಟನೇ ನಂಬರಿನ ಕಡ್ಡಿ,
ಕೂಸಿನ ಟೋಪಿ.
ವರ್ಲೀನ್ ಟಬ್ಸ್, ವಯಸ್ಸು ಐವತ್ತಮೂರು,
ಪ್ರಮಾಣ ಮಾಡಿಯೇ ಹೇಳುತ್ತಿದ್ದೇನೆ.

ಜಾಪ್ಲಿನ್ನಿನ ಆ ಮಾಲು ಮುಚ್ಚಿ ಬಹಳ ವರ್ಷವಾಗಿತ್ತು.
ಬೂಟಿನ ಅಂಗಡಿಯಿದ್ದ ಕಡೆ ನಮ್ಮನ್ನು ಸಾಲಾಗಿ ಕೂರಿಸಿದರು.
ಕಾರ್ಪೆಟ್ಟಿನಲ್ಲಿ ಕಪಾಟುಗಳ ಗುರುತು ಇನ್ನೂ ಇದೆ,
ನನ್ನ ಕುರ್ಚಿಯ ಒಂದು ಗಾಲಿ ದಿನವೂ ಆ ಗುಳಿಗೇ ಇಳಿಯುತ್ತದೆ.

ಬೆಳಗ್ಗೆ ಆರೂ ಮುಕ್ಕಾಲು.
ಕಾರಿನ ಗಾಜಿನಿಂದ ಹಿಮ ಕೆರೆದು ಬಂದ ಬೆರಳಿಗೆ
ಇನ್ನೂ ಜೀವ ಬಂದಿರುವುದಿಲ್ಲ. ಗುಂಡಿ ಒತ್ತುತ್ತೇನೆ.
ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತದೆ.
ಮೊದಲ ಪಾಸ್‌ವರ್ಡು. ಚಕ್ರ.
ಎರಡನೆಯದು. ಚಕ್ರ.
ಮೂರನೆಯದನ್ನು ತಿಂಗಳಿಗೊಮ್ಮೆ ಬದಲಿಸಬೇಕು,
ಸತ್ತ ನನ್ನ ನಾಯಿಗಳ ಹೆಸರೆಲ್ಲ ಮುಗಿದವು.
ಔಷಧಿ ಪಟ್ಟಿ, ವಿಮೆ ಪಟ್ಟಿ, ನಿನ್ನೆ ಬಯ್ದವರ ಪಟ್ಟಿ
ಎಲ್ಲ ತೆರೆದ ಮೇಲೆ, ಎಲ್ಲಕ್ಕಿಂತ ಒಳಗೆ,
ಹಾಜರಿಯ ಗಡಿಯಾರ.
ಅಲ್ಲಿಗೆ ತಲುಪುವವರೆಗೆ ನಾನು ಬಂದೇ ಇಲ್ಲ ಎಂದು ಲೆಕ್ಕ.

ಹನ್ನೊಂದು ನಿಮಿಷ. ಕೆಲವು ಸೋಮವಾರ ಹತ್ತೊಂಬತ್ತು.
ಗಂಟೆಗೆ ಹನ್ನೆರಡು ಡಾಲರು ನಲವತ್ತು ಸೆಂಟು,
ನೀವೇ ಗುಣಿಸಿ. ನನಗೆ ಬಂದದ್ದು ಎರಡು ಡಾಲರು ಇಪ್ಪತ್ತೇಳು.
ದಿನಕ್ಕೆ ಅರ್ಧ ಗ್ಯಾಲನ್ ಹಾಲು, ಮೂರು ವರ್ಷ.
ಗಂಟೆ ಲೆಕ್ಕದವರ ಮನೆಯಲ್ಲಿ ಗಂಟು ಇರುವುದಿಲ್ಲ.
ಹಾಲು ಇರುತ್ತದೆ, ಇಲ್ಲವೆ ಇರುವುದಿಲ್ಲ.

ಪಕ್ಕದ ಕುರ್ಚಿಯ ಓಡೆಲ್ ಮೊದಲು ಕೋಳಿ ಕಾರ್ಖಾನೆಯಲ್ಲಿದ್ದವನು.
ಅಲ್ಲೂ ಏಪ್ರನ್ ಕಟ್ಟುವ ಹೊತ್ತು, ಬೂಟು ತೊಳೆಯುವ ಹೊತ್ತು
ಕೂಲಿಗೆ ಸೇರುತ್ತಿರಲಿಲ್ಲವಂತೆ.
ಹೊತ್ತು ಅವರದು, ಹೊತ್ತದ್ದು ನಾವು, ಅನ್ನುತ್ತಿದ್ದ.
ಆ ಕೋಳಿಗಳು ಬಯ್ಯುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ನಿಮಿಷಗಳನ್ನು ಚರ್ಚಿನ ಚೀಟಿಗಳ ಹಿಂಬದಿ ಬರೆದಿಟ್ಟವಳು ನಾನೇ.
ನಿಮ್ಮ ಮುಂದಿವೆ. ಕಾಫಿ ಕಲೆಯೂ ನನ್ನದೇ.

ಹೆಣೆಯುತ್ತಿದ್ದಳು, ಹಾಗಾಗಿ ಅದು ಅವಳ ಸ್ವಂತ ಸಮಯ, ಅಂತೀರಿ.
ಸ್ವಂತದ್ದಾದರೆ ಎದ್ದು ಹೋಗಬಹುದಿತ್ತೆ ನಾನು?
ಕಾರಿನಲ್ಲಿ ಕೂತು ಒಂದು ಜೊಂಪು ತೆಗೆಯಬಹುದಿತ್ತೆ?
ಒಂದು ನಿಮಿಷ ತಡವಾದರೆ ಅರ್ಧ ಅಂಕ,
ಆರು ಅಂಕವಾದರೆ ಮನೆಗೆ.
ಕಣ್ಣು ಚಕ್ರದ ಮೇಲೆ, ಬೆರಳು ಕಡ್ಡಿಯ ಮೇಲೆ.
ಒಲೆಯ ಮುಂದೆ ನಿಂತವಳು ಹಾಡಿಕೊಂಡರೆ
ಹಾಲು ಉಕ್ಕುವುದನ್ನು ಕಾಯುತ್ತಿಲ್ಲ ಅಂತಲೇ?

ಟೋಪಿ ಯಾನಿರಾಳ ಕೂಸಿಗೆ. ಅವಳದು ಮೂರನೇ ಸಾಲು.
ಅವಳು ಸಹಿ ಹಾಕಲಿಲ್ಲ.
ಫಾರಂ ಎರಡು ದಿನ ಚೀಲದಲ್ಲಿಟ್ಟುಕೊಂಡು
ಮಡಿಕೆ ಬಿಡಿಸದೆ ತಿರುಗಿ ಕೊಟ್ಟಳು.
ಗಂಡನ ಕಾಗದಗಳು ಯಾವುದೋ ಕಚೇರಿಯಲ್ಲಿ ಕೂತಿವೆ, ಅಂದಳು.
ನಾನು ಏನೂ ಅನ್ನಲಿಲ್ಲ.
ಮುನ್ನೂರ ಹನ್ನೆರಡು ಮಂದಿಯಲ್ಲಿ ನಲವತ್ತೊಂದು ಸಹಿ.
ಓಡೆಲ್‌ನದು ನಲವತ್ತನೆಯದು. ಹೋದ ಮಾರ್ಚಿನಲ್ಲಿ ತೀರಿಕೊಂಡ.
ಅವನ ನಿಮಿಷಗಳು ಇನ್ನು ಯಾರಿಗೆ ಅಂತ
ಅವನ ತಂಗಿ ನನ್ನ ಕೇಳಿದಳು. ನನಗೆ ಗೊತ್ತಿಲ್ಲ. ನಿಮಗೆ?

ಟೋಪಿ ಹೆಣೆದದ್ದು ನಾನು, ಒಪ್ಪಿದೆ.
ಹಾಕಿದ್ದು ಯಾರು ಅಂತಲೂ
ಮೂಲೆಯಲ್ಲಿ ಟೈಪಿಸುತ್ತಿರುವ ಆ ಹುಡುಗಿ ಬರೆದುಕೊಳ್ಳಲಿ.

ಮಗೂ, ನಿನಗೂ ಗಂಟೆ ಲೆಕ್ಕವೇ?
ಯಂತ್ರ ಜೋಡಿಸಿದಾಗಿನಿಂದಲೋ
ನಾನು ಬಾಯಿ ತೆರೆದಾಗಿನಿಂದಲೋ?

ಕೂಸಿಗೆ ಈಗ ನಾಲ್ಕು ತುಂಬಿದೆ, ವಕೀಲರೇ.
ಹೋದ ವಾರ ದಿನಸಿ ಅಂಗಡಿಯಲ್ಲಿ ಕಂಡೆ,
ತಳ್ಳುಬಂಡಿಯಲ್ಲಿ ಕೂತು ಕಾಲಾಡಿಸುತ್ತಿತ್ತು.
ಟೋಪಿ ಅದರ ಗೊಂಬೆಯ ತಲೆ ಮೇಲಿತ್ತು.